ಅಪ್ಪನ ಮಣ್ಣು, ಮಾರ್ಕಂಡೇಯನ ಪೇಶಿ

ಭಾಗ್ಯಜ್ಯೋತಿ ಅಪ್ಪನ ಹಣೆಗೆ ವಿಭೂತಿಯ ಮೂರನೆಯ ಪಟ್ಟೆ ಎಳೆಯುತ್ತಿದ್ದಾಗ ಅಪ್ಪನ ವಕೀಲಿ ಕಚೇರಿಯ ಮುನ್ಷಿ ಶಂಕರಯ್ಯ ಹಿಂದಿನಿಂದ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ.

“ಅಕ್ಕಾರ, ಈ ಮಾತು ಈಗ ಆಡಬಾರದು. ಆದ್ರ ಇವತ್ತ ಕೋರ್ಟಿನ್ಯಾಗ ಮಾರ್ಕಂಡೇಯಂದು ಪೇಶಿ ಐತಿ.”

ಅವಳ ಬೆರಳು ಅಪ್ಪನ ಹುಬ್ಬಿನ ಮೇಲೇ ನಿಂತಿತು.

ತೆಲುಗು ಸೀಮೆಯ ಗಡಿಯೂರು, ಬೆಳಗಿನ ಒಂಬತ್ತು ಗಂಟೆ. ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಶಿವಶಂಕರಪ್ಪ ವಕೀಲರು ಕೊರಳ ತುಂಬ ಹೂವು ಹೊತ್ತು, ಎಡ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಿದ್ದರು. ನಿನ್ನೆ ಸಂಜೆ ಚಹಾ ಕುಡಿದು ಕಪ್ಪು ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಎಪ್ಪತ್ತೊಂದು ವರ್ಷ, ಜ್ವರವಿಲ್ಲ, ಕೆಮ್ಮಿಲ್ಲ. ಹೋಗುವುದಾದರೆ ಹೀಗೆ ಹೋಗಬೇಕು ಎಂದು ಬಂದವರೆಲ್ಲ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಭಾಗ್ಯಜ್ಯೋತಿಗೆ ಮೈ ಉರಿಯುತ್ತಿತ್ತು. ಹೇಗೆ ಹೋದರೇನು, ಹೋದದ್ದು ಹೋದದ್ದೇ ಅಲ್ಲವೇ?

ಇನ್ನು ಮಾರ್ಕಂಡೇಯ. ಅಪ್ಪನ ಕಕ್ಷಿದಾರ, ನೇಕಾರ. ಎರಡೇ ಖಣದ ಮನೆ. ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ನೆಲದ ಕುಣಿಗಿಳಿದು ನೇಯುವ ಕುಣಿಮಗ್ಗ. ಆ ಜಾಗ ತಾನು ಕೊಂಡದ್ದು ಎಂದು ಪ್ಲಾಟು ಮಾರುವ ಸುರೇಂದರ್ ಕಾಗದ ಹಿಡಿದು ಬಂದಿದ್ದ. ಮನೆ ಮುಟ್ಟಬಾರದೆಂದು ಕೋರ್ಟು ಕೊಟ್ಟ ತಡೆಯಾಜ್ಞೆ ಇವತ್ತಿನವರೆಗೆ ಮಾತ್ರ. ಇವತ್ತು ಯಾರಾದರೂ ಎದ್ದು ನಿಂತು ಕೇಳಿ ಅದನ್ನು ಮುಂದುವರಿಸಿಕೊಳ್ಳದಿದ್ದರೆ ಸಂಜೆಗೆ ಆ ಕಾಗದಕ್ಕೆ ಬೆಲೆಯಿಲ್ಲ.

“ವಕೀಲರ ಸಂಘದಾಗ ಠರಾವು ಮಾಡ್ಯಾರ್ರಿ,” ಶಂಕರಯ್ಯ ಫೋನು ತೋರಿಸಿದ. “ಸಾಹೇಬ್ರ ಗೌರವಕ್ಕಂತ ಇವತ್ತ ಒಬ್ಬ ವಕೀಲನೂ ಕೋರ್ಟಿನೊಳಗ ಹೋಗಂಗಿಲ್ಲಂತ.”

“ಸುರೇಂದರ್‌ಗ ಗೊತ್ತೈತೇನು?”

“ಗೊತ್ತಿಲ್ದ ಏನ್ರಿ! ಮುಂಜಾನಿಂದ ನೇಕಾರರ ಓಣಿ ಬಾಯಾಗ ಜೇಸೀಬಿ ತಂದು ನಿಲ್ಲಿಸ್ಯಾನ.”

ಭಾಗ್ಯಜ್ಯೋತಿ ಬಾಗಿಲ ಕಡೆ ನೋಡಿದಳು. ಹೊಸ್ತಿಲಾಚೆ, ಚಪ್ಪಲಿ ರಾಶಿಯ ಪಕ್ಕದಲ್ಲಿ ಮಾರ್ಕಂಡೇಯ ನಿಂತಿದ್ದ. ಒಂದು ಹಾರ ತಂದಿದ್ದ, ಅದನ್ನು ಒಳಗೆ ತರುವ ಧೈರ್ಯವಾಗದೆ ಕೈಯಲ್ಲೇ ಹಿಡಿದುಕೊಂಡಿದ್ದ. ಅವಳ ಕಣ್ಣು ತನ್ನ ಮೇಲೆ ಬಿದ್ದದ್ದೇ ತಲೆ ತಗ್ಗಿಸಿದ. ಒಂದು ಮಾತು ಕೇಳಿದ್ದರೆ ಬೈದಾದರೂ ಕಳಿಸಬಹುದಿತ್ತು; ಪುಣ್ಯಾತ್ಮ ಕೇಳಲೇ ಇಲ್ಲ.

ಅವಳು ಬೆರಳಿನ ವಿಭೂತಿ ಒರೆಸಿಕೊಂಡು ಎದ್ದು, ಗೂಟಕ್ಕೆ ಹಾಕಿದ್ದ ತನ್ನ ವಕೀಲಿಕೆಯ ಕರಿಕೋಟಿಗೆ ಕೈ ಹಾಕಿದಳು. ಗದ್ವಾಲದಲ್ಲಿ ಗೊಬ್ಬರದಂಗಡಿ ಇಟ್ಟಿರುವ ಅಣ್ಣ ಉದಯಕುಮಾರ ಧಾವಿಸಿ ಬಂದ.

“ಏನ್ ಮಾಡಾಕ ಹೊಂಟಿ?”

“ಕೋರ್ಟಿಗೆ ಹೋಗಿ ಬರ್ತೀನಣ್ಣ. ಎರಡು ತಾಸು.”

“ತಲಿ ಕೆಟ್ಟೈತೇನು ನಿನಗ? ಹೆಣಾ ಮನ್ಯಾಗ ಕುಂತೈತಿ! ಮಕ್ತಲದಿಂದ, ಮದ್ದೂರಿಂದ ಬೀಗರು ಬಂದು ಕುಂತಾರ. ಮಗಳು ಎಲ್ಲಿ ಅಂದ್ರ ಏನ್ ಹೇಳ್ಲಿ? ಪೇಶಿಗೆ ಹೋಗ್ಯಾಳ ಅನ್ಲೇನು? ಇಡೀ ಸಂಘನ ಬಂದ್ ಮಾಡಿ ಕುಂತೈತಿ, ನಿಂದೇನು ಹೆಚ್ಚಿಂದು?”

ಕೋಟು ಕೈಯಲ್ಲೇ ಉಳಿಯಿತು.

*

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಹೀಗೇ ವಕೀಲರ ಒಂದು ಬಹಿಷ್ಕಾರ ನಡೆದಿತ್ತು. ಯಾತಕ್ಕೆ ಎನ್ನುವುದು ಈಗ ಯಾರಿಗೂ ನೆನಪಿಲ್ಲ. ಶಿವಶಂಕರಪ್ಪ ಎಲ್ಲರಂತೆ ಮನೆಯಲ್ಲಿ ಉಳಿದರು. ಅವ್ವ ಹಂಪಮ್ಮ ಹೋಳಿಗೆ ಮಾಡಿದ್ದಳು. ಗಂಡ ಹಗಲು ಹೊತ್ತು ಮನೆಯಲ್ಲಿ ಕಾಣಿಸುವುದೇ ಅಪರೂಪ, ಹಬ್ಬವೇ ಆಯಿತು ಅವಳಿಗೆ.

ಮರುದಿನ ಬೆಳಿಗ್ಗೆ ನಾರ್ವದ ಕಡೆಯ ಕಕ್ಷಿದಾರಳೊಬ್ಬಳು, ಒಬ್ಬ ಮುದುಕಿ, ಬಂಡಿಯಲ್ಲಿ ಬಂದಿಳಿದಳು. ಬಂಡಿಯಲ್ಲಿ ಒಂದು ಬಾಗಿಲ ಚೌಕಟ್ಟು, ಒಂದು ಬೀಸುವ ಕಲ್ಲು. ಹಿಂದಿನ ದಿನ ಅವಳ ತಡೆಯಾಜ್ಞೆಯ ಅವಧಿ ಮುಗಿದಿತ್ತು, ಕೋರ್ಟಿನಲ್ಲಿ ಕೇಳುವವರಿರಲಿಲ್ಲ, ಸಂಜೆ ಮೈದುನನ ಮಕ್ಕಳು ಗುದ್ದಲಿ ತಂದರು. ಉಳಿದದ್ದು ಅಷ್ಟೇ.

“ನೀವು ಯಾಕ ಬರಲಿಲ್ಲರಿ ಯಪ್ಪಾ?” ಎಂದು ಕೇಳಿದಳು ಮುದುಕಿ. ಬೈಯಲಿಲ್ಲ, ಅಳಲೂ ಇಲ್ಲ.

ಶಿವಶಂಕರಪ್ಪ ಒಳಗೆ ಹೋಗಿ ಬಚ್ಚಲಲ್ಲಿ ನಿಂತು, ಹಿಂದಿನ ದಿನದ ಹೋಳಿಗೆಯೆಲ್ಲ ಕಾರಿಕೊಂಡರು. ಭಾಗ್ಯಜ್ಯೋತಿ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು.

ಅಂದಿನಿಂದ ಅವರು ಯಾರ ಬಹಿಷ್ಕಾರಕ್ಕೂ ಮಣಿಯಲಿಲ್ಲ. ಸಂಘ ನೋಟಿಸು ಕೊಟ್ಟಿತು, ಆಮೇಲೆ ಅವರ ಕುರ್ಚಿಯನ್ನು ಹೊರಗಿಟ್ಟಿತು. ಅವರು ಆ ಕುರ್ಚಿಯನ್ನು ತಾವೇ ಹೊತ್ತುಕೊಂಡು ಹೋಗಿ ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಹಾಕಿಕೊಂಡರು. ಕೆಲವು ವರ್ಷಗಳ ಮೇಲೆ ಒಳಗೆ ಬರಬಹುದೆಂದು ಹೇಳಿಕಳಿಸಿದರೆ, “ಗಾಳಿ ಇಲ್ಲೇ ಚಲೋ ಐತಿ” ಎಂದುಬಿಟ್ಟರು. ಹಟಮಾರಿ ಮನುಷ್ಯ. ಮಗಳು ಕಾನೂನು ಓದಿ ಬಂದಾಗ ಅವಳಿಗೂ ಅಲ್ಲೇ ಒಂದು ಸ್ಟೂಲು ಹಾಕಿಕೊಟ್ಟರು.

*

ಮೂಲೆಯಲ್ಲಿ ಮುಖ ಮುಚ್ಚಿ ಕುಳಿತಿದ್ದ ಹಂಪಮ್ಮ ಸೆರಗು ಸರಿಸಿದಳು.

“ಉದಯಾ, ಏನೋ ಅದು ಗದ್ದಲ?”

“ನೋಡವ್ವಾ ಇಕಿನ್ನ! ಸೂತಕದಾಗ ಕೋರ್ಟಿಗೆ ಹೊಂಟಾಳ.”

“ಕೊರಳಾಗ ಲಿಂಗ ಕಟ್ಟಿಕೊಂಡು ಸೂತಕ ಅಂತೀಯಲ್ಲೋ, ನಾಚಿಕಿ ಬರಂಗಿಲ್ಲೇನು? ನಮಗೆಲ್ಲಿಂದ ಬಂತೋ ಸೂತಕ?” ಹಂಪಮ್ಮ ಮಗಳ ಕಡೆ ತಿರುಗಿದಳು. “ಯಾರ ಪೇಶಿ?”

“ಮಾರ್ಕಂಡೇಯಂದು. ಮನಿ ಬೀಳ್ತೈತವ್ವಾ.”

ಹಂಪಮ್ಮ ಗಂಡನನ್ನು ಒಮ್ಮೆ ನೋಡಿದಳು. ಈ ಕೋರ್ಟಿನ ಮೇಲೆ ಅವಳಿಗಿದ್ದಷ್ಟು ಸಿಟ್ಟು ಸವತಿ ಇದ್ದಿದ್ದರೆ ಅವಳ ಮೇಲೂ ಇರುತ್ತಿರಲಿಲ್ಲ. ಹೆರಿಗೆಯ ದಿನ, ಗೃಹಪ್ರವೇಶದ ದಿನ, ಅವಳಪ್ಪ ಸತ್ತ ದಿನ, ಎಲ್ಲ ದಿನವೂ ಆ ಮನುಷ್ಯ ಪೇಶಿ ಮುಗಿಸಿಕೊಂಡೇ ಬಂದವನು.

“ನಲವತ್ತೆರಡು ವರ್ಷ ಇವರ ಕೋರ್ಟು ಮುಗಿಯೂತನಕ ನಾ ಕುಂತೀನಿ,” ಎಂದಳು. “ಇವತ್ತ ಒಂದಿನ ಅವರು ಕುಂದ್ರಲಿ. ನೀ ಹೋಗಿ ಬಾ. ನೀ ಬರೂತನಕ ಯಾರೂ ಎತ್ತಂಗಿಲ್ಲ.”

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದರು. ಮದ್ದೂರಿನಿಂದ ಬಂದಿದ್ದ ಹಳೆಯ ಕಕ್ಷಿದಾರ ಒಬ್ಬ ಮಾತ್ರ, “ನಂದು ಮೂರು ದಾವೆ ಸೋತ್ರು ಸಾಹೇಬ್ರು. ಮೂರು ಸಲಾನೂ ಇದೇ ಮನ್ಯಾಗ ರೊಟ್ಟಿ ತಿನಿಸಿ ಕಳಸ್ಯಾರ. ಆದ್ರ ಒಂದು ಪೇಶಿ ತಪ್ಪಿಸಲಿಲ್ಲ ನೋಡ್ರಿ,” ಎಂದು ಪಕ್ಕದವನಿಗೆ ಹೇಳಿ ಮೂಗು ಸೀಟಿಕೊಂಡ.

*

ಕೋರ್ಟಿನ ವರಾಂಡದಲ್ಲಿ ವಕೀಲರೆಲ್ಲ ಗುಂಪಾಗಿ ನಿಂತಿದ್ದರು. ತೋಳಿಗೆ ಕಪ್ಪು ಪಟ್ಟಿ, ಕೈಯಲ್ಲಿ ದೊಡ್ಡದೊಂದು ಹಾರ. ಸಂಘದ ಅಧ್ಯಕ್ಷ ಸಂಕರ್ಷಣರಾಯರು ಭಾಗ್ಯಜ್ಯೋತಿಯನ್ನು ಕಂಡು ಮೆಟ್ಟಿಲಿಳಿದು ಬಂದರು.

“ಭಾಗ್ಯಾ! ನಾವೇ ನಿಮ್ಮನಿಗೆ ಹೊರಟಿದ್ವಿ. ನೀ ಯಾಕ ಬಂದೀ ತಂಗಿ?”

“ಪೇಶಿ ಐತ್ರಿ ಕಾಕಾ.”

ರಾಯರ ಮುಖ ಬಿಗಿಯಿತು. “ಇವತ್ತ ಒಂದಿನ ಬ್ಯಾಡವ್ವಾ. ಅವತ್ತ ನಿಮ್ಮಪ್ಪನ ಕುರ್ಚಿ ಹೊರಗ ಇಟ್ಟವನೇ ನಾನು. ಅದು ನನಗ ಇನ್ನೂ ಚುಚ್ಚತದ. ಇವತ್ತರ ಅವನಿಗೆ ಒಂದು ಮರ್ಯಾದಿ ಮಾಡೋಣಂತ ಮಾಡೀವಿ.”

“ಕುರ್ಚಿ ಯಾಕ ಹೊರಗಿಟ್ರಿ?”

“ಬಹಿಷ್ಕಾರ ಮುರದಾನಂತ.”

“ಈಗ ಅವರ ಹೆಸರಿನ ಮ್ಯಾಲೇ ಬಹಿಷ್ಕಾರ ಮಾಡೀರಿ! ಕಾಕಾ, ಅಪ್ಪ ಈಗ ಎದ್ದು ಬಂದಿದ್ರ ನಿಮ್ಮನ್ನೆಲ್ಲ ದಾಟಿಕೊಂಡು ಒಳಗ ಹೋಗ್ತಿದ್ರೋ ಇಲ್ಲೋ, ನೀವೇ ಹೇಳ್ರಿ.”

ಹಿಂದಿನಿಂದ ಯಾರೋ, “ಒಳಗ ಹೋದ್ರ ನೋಟಿಸ್ ಬರ್ತೈತಿ ಮೇಡಂ” ಎಂದರು.

“ಕೊಡ್ರಿ. ಹೊರಗ ಹಾಕ್ತೀರಿ, ಅಷ್ಟ ಅಲ್ಲೇನು? ನಾ ಕುಂದ್ರೂದು ಈಗೂ ಬೇವಿನ ಗಿಡದ ಕೆಳಗೇ ಐತಿ.”

ಅವಳು ನಡೆದಳು. ಗುಂಪು ದಾರಿ ಬಿಟ್ಟಿತು. ಬೇಕೆಂದು ಬಿಟ್ಟಿತೋ, ತಂದೆ ಸತ್ತ ಹೆಣ್ಣುಮಗಳನ್ನು ತಡೆಯಲಾರದೆ ಬಿಟ್ಟಿತೋ, ಅಂತೂ ಬಿಟ್ಟಿತು.

*

ಅವಳ ಮೊದಲ ಮೊಕದ್ದಮೆ ಗದ್ವಾಲದಲ್ಲಿ. ಎದುರಿಗೆ ಮೂವತ್ತು ವರ್ಷದ ಅನುಭವಸ್ಥ. “ಸರಿ, ಕುಳಿತುಕೊಳ್ಳಿ” ಎಂದರು ನ್ಯಾಯಾಧೀಶರು, ಅವಳು ಕುಳಿತಳು, ಮೊಕದ್ದಮೆ ಬಿತ್ತು. ವಾಪಸ್ಸು ಬರುವ ಬಸ್ಸು ಜೂರಾಲದ ಅಣೆಕಟ್ಟೆ ದಾಟಿತು. ಅವಳು ಕಿಟಕಿಗೆ ಮುಖ ಮಾಡಿ ಅತ್ತಳು.

“ಸೋತಿದ್ದಕ್ಕ ನನಗ ಸಿಟ್ಟಿಲ್ಲ,” ಎಂದರು ಪಕ್ಕದಲ್ಲಿ ಕುಳಿತಿದ್ದ ಶಿವಶಂಕರಪ್ಪ. “ಕುಂತಿದ್ದಕ್ಕ ಸಿಟ್ಟು. ಅವರು ಹೇಳ್ತಾರ, ಹೇಳೂದು ಅವರ ಕೆಲಸ. ಅವರ ಪೆನ್ನು ಕಾಗದಕ್ಕ ಹತ್ತೂತನಕ ಕುಂದ್ರಬಾರದು ಮಗಳ.”

ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಮಿರ್ಚಿ ಕೊಡಿಸಿದರು.

*

ಕೋರ್ಟಿನ ಹಾಲ್ ಖಾಲಿ. ಮೇಲೆ ನ್ಯಾಯಾಧೀಶರು, ಕೆಳಗೆ ಗುಮಾಸ್ತ, ಒಂಟಿಯಾಗಿ ಅವಳು. ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನೇ ನೋಡಿದರು.

“ಈರೋಜು ಕೂಡಾ ವಚ್ಚಾರಾ ಅಮ್ಮಾ?” ಇವತ್ತೂ ಬಂದಿರಾ ಎಂದು ಕೇಳಿದ ಅವರ ತೆಲುಗಿನಲ್ಲಿ ಕನಿಕರವಿತ್ತು. “ಎದುರಿನ ವಕೀಲರು ಬಂದಿಲ್ಲ. ಅವರ ಮಾತು ಕೇಳದೆ ತಡೆಯಾಜ್ಞೆ ಹೇಗೆ ಮುಂದುವರಿಸಲಿ? ಮುಂದಿನ ತಿಂಗಳಿಗೆ ಹಾಕುತ್ತೇನೆ. ನೀವು ಮನೆಗೆ ಹೋಗಿ.”

ಅವಳೂ ತೆಲುಗಿನಲ್ಲೇ ಹೇಳಿದಳು. “ಎದುರಿನ ವಕೀಲರು ಬಾರದಿರುವುದು ನನ್ನ ತಂದೆಯ ಗೌರವಕ್ಕಾಗಿ. ಅವರ ಕಕ್ಷಿದಾರ ಮಾತ್ರ ಬಂದಿದ್ದಾನೆ ಸ್ವಾಮಿ. ಓಣಿಯ ಬಾಯಲ್ಲಿ ಜೇಸೀಬಿ ನಿಲ್ಲಿಸಿಕೊಂಡಿದ್ದಾನೆ. ನನ್ನಪ್ಪ ಸತ್ತದ್ದರಿಂದ ಒಬ್ಬನ ಮನೆ ಬೀಳುವುದಾದರೆ ನಾನು ಹೋಗಿ ಅವರನ್ನು ಯಾವ ಮುಖದಿಂದ ಮಣ್ಣು ಮಾಡಲಿ?”

ಅಷ್ಟಕ್ಕೇ ಬಿಡಲಿಲ್ಲ. “ತಡೆಯಾಜ್ಞೆ ಮುಂದುವರಿಸಿ. ಎದುರಿನವರು ಬಂದ ದಿನ ನನ್ನ ವಾದ ಸುಳ್ಳೆನ್ನಿಸಿದರೆ ಅಂದೇ ತೆಗೆದುಹಾಕಿ. ಬಿದ್ದ ಮನೆಯನ್ನು ಮಾತ್ರ ಯಾವ ಆದೇಶವೂ ಎಬ್ಬಿಸುವುದಿಲ್ಲ.”

“ಸರಿ ಅಮ್ಮಾ, ಕುಳಿತುಕೊಳ್ಳಿ.”

ಅವಳು ಕೂರಲಿಲ್ಲ. ಮೇಜಿನ ಅಂಚು ಹಿಡಿದು ನಿಂತೇ ಇದ್ದಳು. ನ್ಯಾಯಾಧೀಶರು ಫ್ಯಾನಿನ ಕಡೆ ನೋಡಿದರು, ಮೊಕದ್ದಮೆಯ ಕಡತದ ಹಾಳೆ ತಿರುವಿದರು, ಮತ್ತೆ ಅವಳ ಕಡೆ ನೋಡಿದರು. ಆಮೇಲೆ ಪೆನ್ನು ತೆಗೆದು ಎರಡು ಸಾಲು ಬರೆದು ರುಜು ಹಾಕಿದರು. ಮುಂದಿನ ಪೇಶಿಯವರೆಗೆ ಮನೆ ಮುಟ್ಟುವಂತಿಲ್ಲ.

ಮೊಹರು ಬಿದ್ದ ನಕಲು ಕೈಗೆ ಬಂದದ್ದೇ ಶಂಕರಯ್ಯ ಸ್ಕೂಟರಿನಲ್ಲಿ ಓಣಿಗೆ ಹಾರಿದ.

*

ಮೂರು ಗಂಟೆಗೆ, ಹೆಣ ಕೂರಿಸಿ ಹೊರುವ ಬಿದಿರಿನ ವಿಮಾನ ಎತ್ತಿದರು. ಮಕ್ತಲ ರಸ್ತೆಯ ಹೊಲಕ್ಕೆ ಹೋಗಬೇಕಾದರೆ ನೇಕಾರರ ಓಣಿ ಹಾಯಲೇಬೇಕು. ಮುಂದೆ ಭಜನೆಯವರು, ವಿಮಾನದಲ್ಲಿ ಶಿವಶಂಕರಪ್ಪ, ಹಿಂದೆ ಹಂಪಮ್ಮ. ಪಕ್ಕದಲ್ಲಿ ಕರಿಕೋಟು ಬಿಚ್ಚಲೂ ಪುರುಸೊತ್ತಿಲ್ಲದ ಭಾಗ್ಯಜ್ಯೋತಿ. ಉದಯಕುಮಾರ ಹೆಗಲು ಕೊಟ್ಟಿದ್ದ; ತಂಗಿಯ ಜೊತೆ ಮಾತು ಬಿಟ್ಟಿದ್ದ. ವಕೀಲರ ಗುಂಪೂ ಬಂದಿತ್ತು.

ಓಣಿ ಬಾಯಿಗೆ ಅಡ್ಡ ನಿಂತಿದ್ದ ಜೇಸೀಬಿ, ಹೆಣಕ್ಕೆ ದಾರಿ ಬಿಡಬೇಕಲ್ಲ, ಗುರ್ರೆನ್ನುತ್ತ ಹಿಂದೆ ಸರಿಯಿತು. ಅದರ ಪಕ್ಕದಲ್ಲಿ ಸುರೇಂದರ್ ಆದೇಶದ ನಕಲು ಹಿಡಿದು ಮುಖ ಗಂಟಿಕ್ಕಿಕೊಂಡು ನಿಂತಿದ್ದ.

ಹೆಣ ಹಾಯುವಾಗ ಆ ಓಣಿಯಲ್ಲಿ ಮಗ್ಗ ನಿಲ್ಲಿಸುವುದು ರೂಢಿ. ಎಡಕ್ಕೊಂದು ನಿಂತಿತು, ಬಲಕ್ಕೆರಡು ನಿಂತವು. ಜನ ಕಟ್ಟೆಗೆ ಬಂದು ಕೈಮುಗಿದರು. ಒಂದು ಮನೆಯಿಂದ ಮಾತ್ರ ಮಗ್ಗದ ಸದ್ದು ಬರುತ್ತಲೇ ಇತ್ತು.

“ಯಾರೋ ಅವ?” ಉದಯಕುಮಾರ ಸಿಡಿದ. “ಸತ್ತೋರಿಗೆ ಮರ್ಯಾದಿ ಕೊಡಾಕ ಬರಂಗಿಲ್ಲೇನು ಅವಗ? ನಿಲ್ಲಿಸ್ರಿ ಅದನ್ನ!”

ಇಬ್ಬರು ಹುಡುಗರು ಓಡಲು ಹೊರಟರು. ಹಂಪಮ್ಮ ಕೈ ಅಡ್ಡ ಹಿಡಿದಳು.

“ಯಾರೂ ಹೋಗಬ್ಯಾಡ್ರಿ. ವಿಮಾನ ಒಂದೀಟು ಇಲ್ಲೇ ನಿಲ್ಲಲಿ.”

ಹೊತ್ತವರು ನಿಂತರು. ಭಜನೆಯವರ ತಾಳ ತಪ್ಪಿ ನಿಂತುಹೋಯಿತು. ಹಿಂದೆ ಸಂಕರ್ಷಣರಾಯರು ಮೆಲ್ಲಗೆ ತೋಳಿನ ಕಪ್ಪು ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ತೆರೆದ ಬಾಗಿಲಿನೊಳಗೆ, ಸೊಂಟದವರೆಗೆ ಕುಣಿಯಲ್ಲಿ ಇಳಿದು ಮಾರ್ಕಂಡೇಯ ನೇಯುತ್ತಿದ್ದ. ಕಣ್ಣು ಮೂಗು ಒಂದಾಗಿ ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಲಾಳಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುತ್ತಲೇ ಇತ್ತು.