ಹದಿಮೂರನೆಯ ಬಸ್ಸು

ತಪ್ಪು ನನ್ನದೇ. ಇನ್ಯಾರ ತಲೆಗೆ ಕಟ್ಟಲಿ?

ನಾನು ಬಟ್ಟೆ ರಿಪೇರಿ ಅಂಗಡಿಯವಳು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾಗಿಲ್ಲ ಎಂದು ವಾದಿಸುವವರ ಕೋಟು ಬಿಚ್ಚಿ ಅಗಲ ಮಾಡುವುದು. ಹತ್ತು ಗಂಟೆಗೆ ಬಾಗಿಲು ತೆಗೆಯಬೇಕು. ಅದಕ್ಕೂ ಮುಂಚಿನ ಎರಡು ಗಂಟೆ ನನ್ನವು. ಆ ಹೊತ್ತಿನಲ್ಲಿ ಒಂದು ಕಥೆ ಬರೆದು, ಅದಕ್ಕೆ ನಾನೇ ಬಣ್ಣದ ಚಿತ್ರ ಬಿಡಿಸಿ, ಶನಿವಾರ ಬೆಳಿಗ್ಗೆ ಹತ್ತರೊಳಗೆ ಒಂದು ಕಂತು ಆನ್‌ಲೈನ್‌ನಲ್ಲಿ ಹಾಕುತ್ತೇನೆ. ರಿಟೈರಾದ ಬಸ್ ಡ್ರೈವರ್ ಒಬ್ಬ, ಅವನ ಹೆಂಡತಿ. ವಾರಕ್ಕೊಂದು ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಸುಮ್ಮನೆ ಹೋಗಿ ಬರುತ್ತಾರೆ, ಅಷ್ಟೇ ಕಥೆ. ಇಪ್ಪತ್ತನಾಲ್ಕು ರೂಟು, ಇಪ್ಪತ್ತನಾಲ್ಕು ಕಂತು. ಓದುವವರು ಇನ್ನೂರ ಹನ್ನೆರಡು ಜನ.

ಇದಕ್ಕೂ ಮುಂಚೆ ಐದು ಕಥೆ ಶುರು ಮಾಡಿ ಐದನ್ನೂ ಕೈಬಿಟ್ಟಿದ್ದೇನೆ. ಬರೆಯಲು ಕೂತರೆ ಚಿತ್ರ ನಿಲ್ಲುತ್ತಿತ್ತು, ಚಿತ್ರಕ್ಕೆ ಕೂತರೆ ಬರಹ. ಅಕ್ಕ ನನಗಿಟ್ಟ ಹೆಸರೇ 'ಅರ್ಧಂಬರ್ಧ'. ಗಿರಾಕಿಗಳ ಎದುರಿಗೂ ಹಾಗೇ ಕರೆಯುತ್ತಾಳೆ, ಮೈಯೆಲ್ಲ ಉರಿಯುತ್ತದೆ. ಭಾವ ತೀರಿಕೊಂಡ ಮೇಲೆ, ಎರಡು ವರ್ಷದಿಂದ, ಅವಳು ನನ್ನ ಜೊತೆಗೇ ಇದ್ದಾಳೆ. ಅಂಗಡಿಯ ಕತ್ತರಿ ಕೆಲಸವೆಲ್ಲ ಅವಳದು. ಇದೊಂದನ್ನು ಮುಗಿಸದಿದ್ದರೆ ಇನ್ನು ಪೆನ್ನು, ಕುಂಚ ಎರಡನ್ನೂ ಮುಟ್ಟುವುದಿಲ್ಲ ಎಂದು ಈ ಸಲ ಅವಳ ಮುಖಕ್ಕೇ ಹೇಳಿದ್ದೆ.

ಅದಕ್ಕೇ ಒಂದು ಉಪಾಯ ಮಾಡಿದೆ. ರಜೆಯಲ್ಲಿ ಕೂತು ಹದಿನಾರು ಕಂತಿನ ಚಿತ್ರಗಳನ್ನು ಮೊದಲೇ ಬಿಡಿಸಿಟ್ಟೆ, ಬರಹ ಮಾತ್ರ ವಾರ ವಾರಕ್ಕೆ. ಮಹಾ ಬುದ್ಧಿವಂತೆ ನಾನು. ಹನ್ನೆರಡನೆಯ ಕಂತು ಬರೆಯುವಾಗ ಡ್ರೈವರ್ ಕೊನೆಯ ಸ್ಟಾಪಿನಲ್ಲಿ ಸೀಟಿನಿಂದ ಏಳಲೇ ಇಲ್ಲ. ನಾನು ಲೆಕ್ಕ ಹಾಕಿ ಸಾಯಿಸಿದ್ದಲ್ಲ. ವಾಕ್ಯ ಹಾಗೇ ಬಂತು, ಅಳುತ್ತಾ ಬರೆದೆ, ಹಾಕಿಯೂಬಿಟ್ಟೆ. ಈ ಶನಿವಾರ ಎಂಟು ಗಂಟೆಗೆ ಹದಿಮೂರನೆಯ ಚಿತ್ರ ತೆಗೆದರೆ, ಸತ್ತವನು ಕಿಟಕಿ ಪಕ್ಕ ಕೂತು ಹೆಂಡತಿಗೆ ಕಿತ್ತಳೆ ತೊಳೆ ಬಿಡಿಸಿ ಕೊಡುತ್ತಿದ್ದಾನೆ. ಹದಿನಾಲ್ಕು, ಹದಿನೈದು, ಹದಿನಾರರಲ್ಲೂ ಮಹಾನುಭಾವ ಹಾಜರು.

"ಎಬ್ಬಿಸಿಬಿಡು," ಅಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತಾ. "ಹೆಂಡ್ತಿಗೆ ಬಿದ್ದ ಕೆಟ್ಟ ಕನಸು ಅಂತ ಬರಿ. ಯಾರು ಕೇಳ್ತಾರೆ?"

"ಇನ್ನೂರ ಹನ್ನೆರಡು ಜನ ಕೇಳ್ತಾರೆ."

"ಹಾಗಾದ್ರೆ ಒಂದು ವಾರ ರಜಾ ಅಂತ ಹಾಕು."

ಒಂದು ವಾರವಂತೆ. ಹಿಂದಿನ ಐದೂ ನಿಂತುಹೋದದ್ದು ಅಂಥ ಒಂದೊಂದು ವಾರದಿಂದಲೇ. ಸಿಟ್ಟು ನೆತ್ತಿಗೇರಿತು. "ಸುಮ್ನಿರೇ ಅಕ್ಕ. ಸತ್ತೋರನ್ನ ಎಬ್ಬಿಸೋಕೆ ನನಗೆ ಬರಲ್ಲ," ಎಂದು ರೇಗಿದೆ.

"ಕಥೇಲಾದ್ರೂ ಎಬ್ಬಿಸಬಹುದಲ್ಲೇ," ಅಂದಳು.

ನಾಲಿಗೆ ಕಚ್ಚಿಕೊಂಡೆ. ಹನ್ನೆರಡನೆಯ ಕಂತಿನ ಆ ವಾಕ್ಯ ಎಲ್ಲಿಂದ ಬಂದಿತ್ತೆಂದು ನನಗೆ ಹೊಳೆದದ್ದೇ ಆಗ. ಭಾವ ಕೂಡ ಹೀಗೇ ಕೂತಲ್ಲೇ ಹೋಗಿದ್ದರು. ಅಕ್ಕನ ದುಃಖವನ್ನು ಒಂದು ಮಾತೂ ಕೇಳದೆ ಎತ್ತಿಕೊಂಡು ಊರಿಗೆಲ್ಲ ಹಂಚಿದ್ದೆ. ನಾಚಿಕೆಯಾಯಿತು. ಆದರೂ ಅವನನ್ನು ಎಬ್ಬಿಸಿದರೆ ಅದು ಸುಳ್ಳು. ನಿಲ್ಲಿಸಿದರೆ ಆರನೆಯ ಅರ್ಧಂಬರ್ಧ. ಎರಡನ್ನೂ ಮಾಡುವುದಿಲ್ಲ ಎಂದು ಹಲ್ಲು ಕಚ್ಚಿ ಕೂತೆ.

ಗಂಟೆ ಒಂಬತ್ತೂಕಾಲು. ಹೊಸ ಚಿತ್ರ ಮಾಡಿದರೆ ಬಣ್ಣ ಒಣಗುವಷ್ಟು ಹೊತ್ತೂ ಇರಲಿಲ್ಲ. ದಾರ ಕತ್ತರಿಸುವ ಸಣ್ಣ ಕತ್ತರಿ ತೆಗೆದುಕೊಂಡು ಡ್ರೈವರನ್ನೇ ಚಿತ್ರದಿಂದ ಕತ್ತರಿಸಿ ತೆಗೆದೆ. ಟೋಪಿ, ಭುಜ, ಚಾಚಿದ ಕೈ ಎಲ್ಲ ಹೋದವು, ಕಿತ್ತಳೆ ತೊಳೆ ಮಾತ್ರ ಹೆಂಡತಿಯ ಬೆರಳಲ್ಲಿ ಉಳಿಯಿತು. ಕಾಗದವನ್ನು ಅಂಗಡಿಯ ಗಾಜಿಗೆ ಒತ್ತಿ ಹಿಡಿದು ಫೋಟೊ ತೆಗೆದೆ. ಅವನಿದ್ದ ಜಾಗದಲ್ಲಿ ಎದುರಿನ ಗೋಡೆ, ಒರಗಿಸಿಟ್ಟ ಸೈಕಲ್ಲು, ಬೆಳಗಿನ ಬಿಸಿಲು ಕಂಡವು. ಕೆಳಗೆ ಬರೆದೆ: 'ಅವಳು ಕಿಟಕಿ ಪಕ್ಕಕ್ಕೆ ಸರಿಯಲಿಲ್ಲ. ಅಲ್ಲಿ ಯಾರೂ ಇರಲಿಲ್ಲ, ಆದರೂ ಸರಿಯಲಿಲ್ಲ.' ಆಮೇಲೆ ಏಳೆಂಟು ಸಾಲು ತಾನಾಗೇ ಬಂದವು. ಹತ್ತಕ್ಕೆ ಮೂರು ನಿಮಿಷ ಇರುವಾಗ ಹಾಕಿದೆ.

ಅಕ್ಕ ಫೋನು ಕೈಗೆ ತೆಗೆದುಕೊಂಡು ಓದಿದಳು. ಇನ್ನೊಮ್ಮೆ ಓದಿದಳು. ಹೊರಗೆ ಒಬ್ಬ ಗಿರಾಕಿ ಪ್ಯಾಂಟು ಹಿಡಿದು ಗಾಜು ಬಡಿಯುತ್ತಿದ್ದ, ಅವಳು ತಿರುಗಿ ನೋಡಲಿಲ್ಲ. ಇವತ್ತು ನನ್ನ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡೆ. ಬೈದರೆ ಬೈಯಲಿ, ಕಥೆ ಮಾತ್ರ ತೆಗೆಯುವುದಿಲ್ಲ ಎಂದೂ ಅಂದುಕೊಂಡೆ.

"ಭುಜದ ಹತ್ರ ಸೊಟ್ಟ ಕತ್ತರಿಸಿದೀಯ," ಅಂದಳು. "ಉಳಿದ ಮೂರು ಕೊಡಿಲ್ಲಿ."

ಕೊಟ್ಟೆ. ಗಿರಾಕಿಗೆ ಐದು ನಿಮಿಷ ಎಂದು ಕೈಸನ್ನೆ ಮಾಡಿ, ಕನ್ನಡಕ ಏರಿಸಿ, ಕತ್ತರಿ ಹಿಡಿದಳು. ಕಿವಿಯ ಸುತ್ತ, ಕಾಲರಿನ ಸುತ್ತ ಒಂದೆಳೆಯೂ ಆಚೀಚೆ ಆಗದಂತೆ, ನಿಧಾನವಾಗಿ ಮೂರರಿಂದಲೂ ಡ್ರೈವರನ್ನು ಬಿಡಿಸಿ ತೆಗೆದಳು. ನಾನು ಕತ್ತರಿಸಿ ನೆಲಕ್ಕೆ ಬೀಳಿಸಿದ್ದವನನ್ನೂ ಬಗ್ಗಿ ಎತ್ತಿಕೊಂಡು, ನಾಲ್ಕನ್ನೂ ಕನ್ನಡಕದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು.

"ಇವ್ರು ನನ್ನ ಹತ್ರ ಇರ್ಲಿ," ಅಂದಳು. "ನೀನು ಬರಿ."