ಮೊಂಡನನ್ನು ಪಳಗಿಸಿದ ಕೈ

ಕೈಬಲ ಬೆಳೆಸಲು ಹಿಸುಕುವ ಗ್ರಿಪ್ಪರ್ ಹೊಸದರಲ್ಲಿ ಸುಳ್ಳು ಹೇಳುತ್ತದೆ ಎನ್ನುವುದು ಆ ಕಾರ್ಖಾನೆಯ ಮೊದಲ ಪಾಠ. ತಂತಿಯನ್ನು ಸುರುಳಿ ಸುತ್ತಿ, ಎರಡು ತುದಿಗೂ ಹಿಡಿ ತೂರಿಸಿದ ಕೂಡಲೇ ತೂಕ ಹಾಕಿದರೆ ಅದು ತಾನು ಇರುವುದಕ್ಕಿಂತ ಬಿಗಿಯಾಗಿ ತೋರುತ್ತದೆ. ಕೊಂಡವನು ಮನೆಯಲ್ಲಿ ನಾಲ್ಕು ದಿನ ಹಿಸುಕುವಷ್ಟರಲ್ಲಿ ಸ್ಪ್ರಿಂಗು ಸಡಿಲಾಗಿ, ಪೆಟ್ಟಿಗೆಯ ಮೇಲಿನ ಅಂಕಿ ಹುಸಿಯಾಗುತ್ತದೆ. ಅದಕ್ಕೇ ಇಲ್ಲಿ ಪ್ರತಿಯೊಂದನ್ನೂ ಮೊದಲು ಪಳಗಿಸುತ್ತಾರೆ. ಮೇಜಿನ ಅಂಚಿಗೆ ಬಿಗಿದ ವೈಸಿನ, ಅಂದರೆ ತಿರುಪಿನ ಇಕ್ಕಳದ, ಬಾಯಿಗೆ ಕೊಟ್ಟು, ಹಿಡಿಗಳು ಒಂದನ್ನೊಂದು ಮುಟ್ಟುವವರೆಗೆ ಒತ್ತಿ, ಬಿಟ್ಟು, ಮತ್ತೆ ಒತ್ತಬೇಕು. ಸ್ಪ್ರಿಂಗು ಸಡಿಲ ಕೊಡುವಷ್ಟು ಕೊಟ್ಟು ನಿಂತ ಮೇಲೆ ತೂಕದ ಕೊಕ್ಕೆ. ಹಿಡಿ ಮುಚ್ಚಲು ಎಷ್ಟು ತೂಕ ಬೇಕಾಯಿತೋ ಅದೇ ಅಂಕಿ.

ಪಳಗಿಸುತ್ತಿದ್ದವಳು ಆ ಮನೆಯ ಕಿರಿಯ ಸೊಸೆ. ಆ ಸ್ಟೂಲಿನ ಮೇಲೆ ಮೊದಲು ಅವಳ ಗಂಡ ಕೂರುತ್ತಿದ್ದ. ಅವನು ತೀರಿಕೊಂಡ ಮೇಲೆ ಸ್ಟೂಲು ಕೆಲವು ವಾರ ಹಾಗೇ ಇತ್ತು. ಒಂದು ಬೆಳಿಗ್ಗೆ, ಮೂಲೆಯಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತಿದ್ದ ಅತ್ತೆ ತಲೆ ಎತ್ತದೆಯೇ, "ಆ ಖಾಲಿ ಸ್ಟೂಲು ನೋಡಕ್ಕಾಗ್ತಿಲ್ಲ ನಂಗೆ" ಅಂದರು. ಅವಳಿಗೆ ಕೂರು ಎಂದು ಯಾರೂ ಹೇಳಲಿಲ್ಲ. ಅವಳೇ ಹೋಗಿ ಕೂತಳು. ಎರಡು ವರ್ಷವಾಯಿತು.

ಮನೆ ಮಹಡಿಯ ಮೇಲೆ, ಕಾರ್ಖಾನೆ ಕೆಳಗೆ. ಮೆಟ್ಟಿಲಿಳಿದರೆ ವೈಸು, ವೈಸು ದಾಟಿದರೆ ಬೀದಿಬಾಗಿಲು. ಆ ಬಾಗಿಲಿನ ಪಕ್ಕದ ಮೊಳೆಗೆ ಮೊಂಡ ನೇತಾಡುತ್ತಿದ್ದ. ಬಂದವರಿಗೆ ತೋರಿಸಲೆಂದು ಎಲ್ಲಕ್ಕಿಂತ ದಪ್ಪ ತಂತಿಯಲ್ಲಿ ಸುತ್ತಿದ ಗ್ರಿಪ್ಪರ್ ಅದು. ಜಿಮ್ಮಿನ ಹುಡುಗರು ಬಂದು ಹಲ್ಲು ಕಚ್ಚಿ ಹಿಸುಕುತ್ತಿದ್ದರು, ಮುಖ ಕೆಂಪಗಾಗಿಸಿಕೊಂಡು ಮತ್ತೆ ಮೊಳೆಗೆ ಹಾಕುತ್ತಿದ್ದರು. ಕಾರ್ಖಾನೆ ನಡೆಸುತ್ತಿದ್ದ ಭಾವನಿಗೂ, ಅಂದರೆ ಅವಳ ಗಂಡನ ಅಣ್ಣನಿಗೂ, ಹಿಡಿಗೆ ಹಿಡಿ ತಾಗಿಸಿ ಅದರ ಬಾಯಿ ಮುಚ್ಚಿಸಲು ಆಗಿರಲಿಲ್ಲ.

ಮದುವೆಗೆ ಮೊದಲು ಅವಳು ಇತಿಹಾಸ ಓದಿದವಳು, ಒಂದಷ್ಟು ಕಾಲ ಪಾಠವನ್ನೂ ಮಾಡಿದವಳು. ಕೆಲಸದವರು ಅವಳನ್ನು 'ಮೇಡಮ್' ಎನ್ನುತ್ತಿದ್ದರು, ಅರ್ಧ ಗೌರವ, ಅರ್ಧ ತಮಾಷೆ. ಜೊತೆಯಲ್ಲಿ ಓದಿದ ಗೆಳತಿಯೊಬ್ಬಳು ಬೇರೆ ಊರಿನ ಕಾಲೇಜಿನಲ್ಲಿದ್ದಳು. ಅವಳು ಫೋನ್ ಮಾಡಿ, "ನಮ್ಮಲ್ಲಿ ಒಂದು ಜಾಗ ಖಾಲಿ ಆಗತ್ತೆ ಕಣೇ. ರಜೆ ಮುಗಿಯೋದ್ರೊಳಗೆ ಹೂಂ ಅನ್ನು, ಅಲ್ಲೀವರೆಗೆ ನಾನು ಹೇಗಾದ್ರೂ ಹಿಡಿದಿಡ್ತೀನಿ" ಎಂದಿದ್ದಳು.

ಅವಳು ಭಾವನನ್ನು ಕೇಳಿದಳು. ಭಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು.

"ಹೋಗಬೇಡ ಅಂತ ಯಾರಮ್ಮ ಹೇಳಿದ್ದು? ಈ ಆರ್ಡರ್ ಒಂದು ಮುಗೀಲಿ."

ಆ ಆರ್ಡರ್ ಮುಗಿಯಿತು. ಅದರ ಬಾಲಕ್ಕೆ ಇನ್ನೊಂದು ಬಂತು. ಅವಳು ಮತ್ತೆ ಕೇಳಿದಾಗ ಭಾವ ಒಳ್ಳೆಯ ಮನಸ್ಥಿತಿಯಲ್ಲಿದ್ದರು. ಮೊಳೆಯ ಕಡೆ ಕೈ ತೋರಿಸಿ ನಕ್ಕರು.

"ಒಂದು ಕೆಲಸ ಮಾಡು. ಆ ಮೊಂಡನ ಬಾಯಿ ಮುಚ್ಚಿಸು. ಮುಚ್ಚಿಸಿದ ದಿನ ನಾನೇ ನಿನ್ನ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿಸ್ತೀನಿ."

ಸುರುಳಿ ಸುತ್ತುವ ಹಿರಿಯ, ಎಲ್ಲರ ಬಾಯಲ್ಲೂ ಸುರುಳಿಯಣ್ಣ, ಯಂತ್ರ ನಿಲ್ಲಿಸಿ, "ಮೇಡಮ್, ಪೆಟ್ಟಿಗೆ ಕಟ್ಟೋದು ಬೇಡ. ಅದು ನಾನೇ ಸುತ್ತಿದ್ದು, ನನ್ನ ಮಾತೇ ಕೇಳಲ್ಲ" ಅಂದ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಆ ಮಾತನ್ನು ಅವಳು ಕೆಳಗೆ ಬೀಳಲು ಬಿಡಲಿಲ್ಲ.

ಮೊಂಡನನ್ನು ಯಾರೂ ಪಳಗಿಸಿರಲಿಲ್ಲ. ಮಾರುವ ಸರಕಲ್ಲ, ಯಾಕೆ ಬೇಕು? ಅವಳು ಹಿಡಿದುಕೊಂಡದ್ದು ಆ ಎಳೆಯನ್ನೇ. ಮಧ್ಯಾಹ್ನ ಊಟಕ್ಕೆ ಎಲ್ಲರೂ ಎದ್ದುಹೋದಾಗ ಅದನ್ನು ಮೊಳೆಯಿಂದಿಳಿಸಿ ವೈಸಿಗೆ ಕೊಡುವಳು. ಒತ್ತುವಳು, ಬಿಡುವಳು. ಆಮೇಲೆ ಅಂಗೈಗೆ ಸೀಮೆಸುಣ್ಣದ ಪುಡಿ ಬಳಿದುಕೊಂಡು ಕೈಯಿಂದ ಹಿಸುಕಿ ನೋಡುವಳು. ಜಾರದಿರಲೆಂದು ಹಿಡಿಗಳನ್ನು ಅರದಂತೆ ಒರಟು ಮಾಡಿರುತ್ತಾರೆ. ಬೆರಳಿನ ಬುಡದ ಚರ್ಮ ಕಿತ್ತುಬಂತು, ಒಣಗಿತು, ಮತ್ತೆ ಕಿತ್ತಿತು. ನೋಯುತ್ತಿದೆ ಎಂಬುದು ಎಷ್ಟೋ ಹೊತ್ತಿನ ಮೇಲೆ, ಪಾತ್ರೆ ತೊಳೆಯುವಾಗ, ಬೇರೆ ಯಾರದೋ ಸುದ್ದಿಯಂತೆ ತಿಳಿಯುತ್ತಿತ್ತು. ಒಂದು ದಿನ ಅತ್ತೆ ಎಣ್ಣೆಯ ಬಟ್ಟಲನ್ನು ಅವಳ ಕಡೆ ತಳ್ಳಿದರು.

ಮೊದಲ ವಾರ ಹಿಡಿಗಳ ನಡುವಿನ ಅಂತರ ಕಣ್ಣಿಗೆ ಕಾಣುವಷ್ಟು ಕಿರಿದಾಯಿತು. ಸ್ಪ್ರಿಂಗು ಬಗ್ಗುತ್ತಿದೆ ಎಂದುಕೊಂಡಳು. ಎಲ್ಲ ಸ್ಪ್ರಿಂಗೂ ಒಂದು ಹಂತದಲ್ಲಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಆದರೆ ದಪ್ಪ ತಂತಿ, ಇದಕ್ಕೆ ಹೆಚ್ಚು ಕಾಲ ಬೇಕು, ಹೆಚ್ಚು ಒತ್ತಿದರೆ ಸತ್ತೇಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅವಳು ಹಾಗೆ ನಂಬಿದ್ದಕ್ಕೆ ಕಾರಣವೂ ಇತ್ತು. ಕೈಯಿಂದ ಹಿಸುಕಿದಾಗ ಮೊದಲು ಹೆಬ್ಬೆರಳಿನಷ್ಟು ಉಳಿಯುತ್ತಿದ್ದ ಸಂದು ಪೆನ್ಸಿಲಿನಷ್ಟಾಯಿತು. ಆಮೇಲೆ ಬೆಂಕಿಕಡ್ಡಿಯಷ್ಟು. ರಜೆ ಮುಗಿಯುತ್ತ ಬಂದ ಒಂದು ಮಧ್ಯಾಹ್ನ ಹಿಡಿಗೆ ಹಿಡಿ ತಾಗಿ ಟಕ್ ಎಂದಿತು. ಮಹಡಿಯ ಮೇಲೆ ತಟ್ಟೆಗಳ ಸದ್ದು ಕೇಳುತ್ತಿತ್ತು. ಅವಳು ಮೊಂಡನನ್ನು ಮೊಳೆಗೆ ಹಾಕಿ ಊಟಕ್ಕೆ ಹೋದಳು.

ಎರಡು ದಿನ ಬಿಟ್ಟು ಸಗಟು ವ್ಯಾಪಾರಿ ಬಂದಿದ್ದ. ಭಾವ ಅವನಿಗೆ ಚಹಾ ಕೊಟ್ಟು ಹೊಸ ಮಾಲು ತೋರಿಸುತ್ತಿದ್ದರು. ಸಾಕ್ಷಿಗೆ ಹೊರಗಿನವನೊಬ್ಬ ಇರಲಿ ಎಂದೇ ಅವಳು ಕಾದಿದ್ದಳು. ಸ್ಟೂಲಿನಿಂದ ಎದ್ದಳು.

"ಭಾವ, ಸ್ವಲ್ಪ ಈ ಕಡೆ ನೋಡಿ."

ಮೊಂಡ ಟಕ್ ಎಂದ.

ವ್ಯಾಪಾರಿಯ ಲೋಟ ಬಾಯಿಯವರೆಗೆ ಹೋಗದೆ ನಿಂತಿತು. ಸುರುಳಿಯಣ್ಣ ಯಂತ್ರ ನಿಲ್ಲಿಸಿದ. ಭಾವನ ಹುಬ್ಬು ಗಂಟಾಯಿತು. ಮೂವತ್ತು ವರ್ಷ ಇದೇ ಕಸುಬು ಮಾಡಿದವರು, ಕಣ್ಣಿಗೆ ಮಣ್ಣೆರಚಿಸಿಕೊಳ್ಳುವವರಲ್ಲ.

"ಕೊಡಿಲ್ಲಿ. ವೈಸಿಗೆ ಹಾಕಿದ್ದೀಯಾ?"

"ಹಾಕಿದೀನಿ. ಮುಚ್ಚಿಸು ಅಂದ್ರಿ. ಪಳಗಿಸಬೇಡ ಅಂತ ಹೇಳಿರ್ಲಿಲ್ಲ."

ಸಿದ್ಧವಾಗಿಟ್ಟುಕೊಂಡಿದ್ದ ಉತ್ತರ. ಭಾವ ಮೊಂಡನನ್ನು ಕೊಕ್ಕೆಗೆ ಸಿಕ್ಕಿಸಿದರು. ಅವಳಿಗೆ ಮುಂದಿನದೆಲ್ಲ ಕಾಣುತ್ತಿತ್ತು: ತೂಕ ಕಡಿಮೆ ಬರುತ್ತದೆ, ಮೋಸ ಎನ್ನುತ್ತಾರೆ, ಮುಖ ಸಣ್ಣದು ಮಾಡಿಕೊಂಡು, "ಆಯ್ತು ಹೋಗಮ್ಮ, ಇಷ್ಟು ಹೋಗಬೇಕು ಅನ್ನಿಸಿದ್ರೆ ಹೋಗು" ಎನ್ನುತ್ತಾರೆ. ಅಷ್ಟೇ ಬೇಕಿದ್ದದ್ದು.

ಭಾವ ತೂಕದ ಬಿಲ್ಲೆಯ ಮೇಲೆ ಬಿಲ್ಲೆ ಹಾಕಿದರು. ಹಿಡಿಗಳು ಕೂಡಲಿಲ್ಲ.

"ಇನ್ನೂ ಹಾಕಿ, ಹಾಕಿ" ಎಂದ ಸುರುಳಿಯಣ್ಣ.

ಕಾರ್ಖಾನೆಯಲ್ಲಿದ್ದ ಕೊನೆಯ ದೊಡ್ಡ ಬಿಲ್ಲೆ ಏರಿದ ಮೇಲೆ ಹಿಡಿಗಳು ನಿಧಾನಕ್ಕೆ ಬಂದು ತಾಗಿದವು. ಸುರುಳಿಯಣ್ಣ ಬಗ್ಗಿ ಸುರುಳಿಯನ್ನು ಬೆರಳಿನಿಂದ ತಡವಿದ.

"ಇದು ಪಳಗಿ ವಾರಗಳೇ ಆಗಿವೆ. ಕೊಡೋದನ್ನ ಕೊಟ್ಟು ನಿಂತಿದೆ. ತಂತಿಯೇನೂ ಸತ್ತಿಲ್ಲ ಮೇಡಮ್. ಬದಲಾಗಿರೋದು ನಿಮ್ಮ ಕೈ."

ಅವಳು ತನ್ನ ಬಲಗೈ ನೋಡಿಕೊಂಡಳು. ತುಂಬ ದಿನಗಳ ಮೇಲೆ ನೋಡಿದಂತಿತ್ತು. ಮಣಿಕಟ್ಟು ದಪ್ಪಗಾಗಿತ್ತು. ಬಳೆ ಯಾವಾಗಿನಿಂದ ಬಿಗಿಯಾಯಿತೋ ನೆನಪಿರಲಿಲ್ಲ.

ವ್ಯಾಪಾರಿ ಲೋಟ ಕೆಳಗಿಟ್ಟು ಫೋನ್ ತೆಗೆದ. "ತಾಯಿ, ಇನ್ನೊಂದ್ಸಲ. ಮುಚ್ಚಿ ಹಾಗೇ ಹಿಡ್ಕೊಳ್ಳಿ, ಒಂದು ಫೋಟೋ. ರೀ ಯಜಮಾನ್ರೇ, ಇದನ್ನ ಪೆಟ್ಟಿಗೆ ಮೇಲೆ ಹಾಕಿ. 'ಕೈಯಲ್ಲೇ ಪಳಗಿಸಿದ್ದು' ಅಂತ ಬರೀರಿ. ಎಷ್ಟಾದ್ರೂ ಎತ್ಕೊಂಡು ಹೋಗ್ತೀನಿ."

"ಯಾರಿವರು?" ಎಂದೂ ಕೇಳಿದ.

ಇಷ್ಟು ದಿನ ಆ ಪ್ರಶ್ನೆಗೆ ಈ ಮನೆಯಲ್ಲಿ ಒಂದೇ ಉತ್ತರವಿತ್ತು: ಹೋದ ತಮ್ಮನ ಹೆಂಡತಿ. ಭಾವ ಅವಳನ್ನೇ ನೋಡುತ್ತ, "ನಮ್ಮ ಕಾರ್ಖಾನೆಯ ಬಲಗೈ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅದು ನಟನೆಯಾಗಿರಲಿಲ್ಲ. ಮೂಲೆಯಲ್ಲಿ ಅತ್ತೆ ಲೇಬಲ್ ಹಿಡಿದ ಕೈ ಮೇಲಕ್ಕೆತ್ತಿಕೊಂಡೇ ಕೂತಿದ್ದರು, ಮಗ ಹೋದ ಮೇಲೆ ಮೊದಲ ಸಲ ನಗುತ್ತಿದ್ದರು.

"ಭಾವ, ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಈಗಲೂ ಇಲ್ಲ ಅನ್ನಲ್ಲ. ನಿನಗೇ ಬಿಟ್ಟಿದ್ದೀನಮ್ಮ, ನೀನೇ ಯೋಚನೆ ಮಾಡಿ ಹೇಳು." ಅಷ್ಟು ಹೇಳಿ ಸುರುಳಿಯಣ್ಣನ ಕಡೆ ತಿರುಗಿದರು. "ಆ ವೈಸ್ ಬಿಚ್ಚಿ ಒಳಗಿಡಪ್ಪ. ಇನ್ನು ಅದು ಬೇಕಾಗಲ್ಲ."

ವೈಸು ಬಿಚ್ಚಿದ ಜಾಗದಲ್ಲಿ ಮೇಜಿನ ಮರ ಬೆಳ್ಳಗೆ ಉಳಿದಿತ್ತು. ಅಲ್ಲಿ ಹೊಸ ಗ್ರಿಪ್ಪರುಗಳ ಬುಟ್ಟಿ ಬಂದು ಕೂತಿತು. ವ್ಯಾಪಾರಿ ಎರಡು ಜೊತೆ ಮಾದರಿಗೆ ಬೇಕು ಎಂದು ಕಾಯುತ್ತಿದ್ದ, ಅವಳು ಕೆಲಸಕ್ಕೆ ಕೈ ಹಾಕಿದಳು.

ಸಂಜೆ ಗೆಳತಿಯ ಫೋನ್ ಬಂತು.

"ನಾಳೆ ಹೆಸರು ಕೊಡಬೇಕು ಕಣೇ. ಬರ್ತೀಯ ತಾನೇ?"

ಬೀದಿಬಾಗಿಲು ತೆರೆದೇ ಇತ್ತು. ಯಾರೂ ಅಡ್ಡ ನಿಂತಿರಲಿಲ್ಲ. ಬರ್ತೀನಿ ಎನ್ನಲು ಬಾಯಿ ತೆರೆದಳು.

"ಈ ಆರ್ಡರ್ ಒಂದು ಮುಗೀಲಿ" ಅಂದಳು.

ಗೆಳತಿ ದನಿ ತಗ್ಗಿಸಿದಳು.

"ಇದನ್ನ ಹೇಳ್ತಿರೋದು ನೀನಾ, ನಿನ್ನ ಭಾವನಾ?"

ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಬಲಗೈಯಲ್ಲಿದ್ದ ಗ್ರಿಪ್ಪರ್ ಇನ್ನೂ ಅರ್ಧವಷ್ಟೇ ಪಳಗಿತ್ತು. ಹಿಸುಕಿದಳು, ಬಿಟ್ಟಳು, ಮತ್ತೆ ಹಿಸುಕಿದಳು.