ಒಳಗಿನವನು ಮೊದಲು

ನಮ್ಮ ಕಾಲೇಜಿನ ಅಮೆರಿಕನ್ ಫುಟ್ಬಾಲ್ ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲ ವರ್ಷ ನಾಲ್ಕು ಆಟಗಳವರೆಗೆ ಆಡಬಹುದು. ಆಡಿದರೂ ಆ ವರ್ಷ ಲೆಕ್ಕಕ್ಕಿಲ್ಲ. ಮುಂದೆ ಆಡಲು ಪೂರ್ತಿ ನಾಲ್ಕು ವರ್ಷ ಅವನ ಕೈಯಲ್ಲಿ ಉಳಿದಿರುತ್ತವೆ. ಆದರೆ ಐದನೆಯ ಆಟದಲ್ಲಿ ಒಂದೇ ಒಂದು ಸಲ ಗೆರೆ ದಾಟಿ ಮೈದಾನಕ್ಕೆ ಇಳಿದನೋ, ಆ ವರ್ಷ ಸುಟ್ಟುಹೋದಂತೆ. ಹೀಗೆ ಉಳಿಸಿಕೊಂಡ ವರ್ಷಕ್ಕೆ ನಮ್ಮವರು ಕೆಂಪಂಗಿ ಎನ್ನುತ್ತಾರೆ. ಕೆಂಪು ಅಂಗಿಯನ್ನು ಈಗ ಯಾರೂ ತೊಡುವುದಿಲ್ಲ. ಎಂದೋ ತೊಡುತ್ತಿದ್ದರಂತೆ, ಹೆಸರು ಮಾತ್ರ ಉಳಿದಿದೆ.

ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಹುಡುಗರನ್ನು ತಯಾರು ಮಾಡುವುದು ನನ್ನ ಕೆಲಸ. ಮೂವತ್ತನಾಲ್ಕು ವರ್ಷದಿಂದ ಅದನ್ನೇ ಮಾಡುತ್ತ ಬಂದಿದ್ದೇನೆ. ಅದಕ್ಕೂ ಮೊದಲು ದಕ್ಷಿಣ ಜಾರ್ಜಿಯಾದ ಎಲ್ಲರ ಹಾಗೆ ಅಪ್ಪನ ಜೊತೆ ಕಡಲೆಕಾಯಿ ಬೆಳೆಯುತ್ತಿದ್ದೆ. ಎರಡರಲ್ಲೂ ಕಾಯುವುದೇ ಹೆಚ್ಚು, ಕೀಳುವುದು ಸ್ವಲ್ಪ ಹೊತ್ತಿನ ಕೆಲಸ.

ಆ ವರ್ಷ ನನ್ನ ಕೈಗೆ ಬಂದವನು ಕಿಯಾಂಡ್ರೆ ಮೋಬ್ಲಿ. ಹದಿನೆಂಟರ ಹುಡುಗ, ಅಂಗಿಯ ಮೇಲೆ ಇಪ್ಪತ್ತೆಂಟನೆಯ ನಂಬರು. ಅವನ ಓಟವನ್ನು ನೋಡಿದವರು ಎರಡನೆಯ ಸಲ ನೋಡಲು ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಎದುರಿಗೆ ಇಬ್ಬರು ಬಂದರೆ ಸೊಂಟವನ್ನು ಒಂದು ಕಡೆಗೆ, ಕಾಲನ್ನು ಇನ್ನೊಂದು ಕಡೆಗೆ ಕಳಿಸಿ, ಆ ಇಬ್ಬರನ್ನೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಸಿ ತಾನು ಮುಂದಿರುತ್ತಿದ್ದ. ಇದನ್ನು ನಾನು ಕಲಿಸಿದ್ದಲ್ಲ. ಕಲಿಸುವುದಕ್ಕೆ ಬರುವ ವಿದ್ಯೆಯೂ ಅಲ್ಲ.

ಕಲಿಸಬೇಕಾದದ್ದು ಬೇರೆ ಇತ್ತು. ಚೆಂಡು ಇವನ ಕೈಗೆ ಬರದ ಹೊತ್ತಿನಲ್ಲಿ, ಹಿಂದೆ ನಿಂತು ಚೆಂಡು ಎಸೆಯುವ ಹುಡುಗನನ್ನು ಇವನು ಕಾಯಬೇಕು. ಎದುರಾಳಿಗಳು ಇಬ್ಬರು ಒಟ್ಟಿಗೆ ನುಗ್ಗಿದರೆ ಇವನು ತಡೆಯಬಲ್ಲದ್ದು ಒಬ್ಬನನ್ನು. ಯಾರನ್ನು? ನಿಯಮ ಸುಲಭ: ಒಳಗಿನವನು ಮೊದಲು. ಎಸೆಯುವವನಿಗೆ ಹತ್ತಿರದ ದಾರಿ ಯಾರದೋ ಅವನನ್ನು ಹಿಡಿ, ಹೊರಗಿನಿಂದ ಸುತ್ತಿ ಬರುವವನನ್ನು ಬಿಡು. ಬಾಯಲ್ಲಿ ಎಲ್ಲರೂ ಹೇಳುತ್ತಾರೆ. ಹೊರಗಿನವನು ಕಣ್ಣಿಗೆ ಕಾಣುವಂತೆ, ದೂಳೆಬ್ಬಿಸಿಕೊಂಡು ಬರುತ್ತಾನಲ್ಲ, ಕಾಲು ತಾನಾಗಿ ಅತ್ತ ಹೋಗುತ್ತದೆ. ಕಿಯಾಂಡ್ರೆಯ ಕಾಲು ಪ್ರತಿ ಸಲವೂ ಅತ್ತಲೇ ಹೋಗುತ್ತಿತ್ತು.

"ಇನ್ನೊಂದ್ ಸಲ," ಎನ್ನುತ್ತಿದ್ದೆ.

"ಕೋಚ್, ನಾನು ಓಡೋಕೆ ಬಂದಿರೋನು. ಬಾಗಿಲು ಕಾಯೋಕಲ್ಲ."

"ಬಾಗಿಲು ಕಾಯೋಕೆ ಬರದವನಿಗೆ ನಮ್ಮನೇಲಿ ಊಟ ಇಲ್ಲ. ಇನ್ನೊಂದ್ ಸಲ."

ಬಾಗಿಲು ಕಾಯುವುದನ್ನು ಚೆನ್ನಾಗಿ ಬಲ್ಲವನು ಕೋಲ್ಬಿ ಯಾನ್. ಕಾಲೇಜು ಅವನನ್ನು ಕರೆದಿರಲಿಲ್ಲ. ತಾನಾಗಿಯೇ ಬಂದು, ಫೀಸು ತಾನೇ ಕಟ್ಟಿ, ನಾಲ್ಕು ವರ್ಷ ಅಭ್ಯಾಸದಲ್ಲಿ ಮಾತ್ರ ಗುದ್ದಿಸಿಕೊಂಡವನು. ಆಟದ ದಿನ ಅವನ ಬಿಳಿ ಪ್ಯಾಂಟಿಗೆ ಹುಲ್ಲಿನ ಕಲೆ ಆದದ್ದಿಲ್ಲ. "ನಿಮ್ಮಮ್ಮ ಸುಖವಾಗಿದಾರೆ ಕಣೋ, ಒಗೆಯೋ ಕೆಲಸವೇ ಇಲ್ಲ," ಎಂದು ಹುಡುಗರು ಛೇಡಿಸುತ್ತಿದ್ದರು.

ಸೆಪ್ಟೆಂಬರಿನಲ್ಲಿ ಆಟವಿಲ್ಲದ ಒಂದು ಭಾನುವಾರ, ಚರ್ಚು ಮುಗಿದ ಮೇಲೆ ಕಿಯಾಂಡ್ರೆಯ ಅಜ್ಜಿ ಮಿಸ್ ಓಜೆಲ್ಲಾಳ ಹೊಲಕ್ಕೆ ಹೋಗಿದ್ದೆ. ಆಕೆ ಚರ್ಚಿನ ಟೋಪಿಯನ್ನೂ ತೆಗೆಯದೆ ಸಾಲಿನ ನಡುವೆ ನಿಂತಿದ್ದಳು. ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಕಿರುಚಾಕುವಿನಿಂದ ಕಾಯಿಯ ಬೆನ್ನಿನ ಸಿಪ್ಪೆಯನ್ನು ಹೆರೆದಳು. ಒಳಗಿನ ಪದರ ಕಪ್ಪಾಗಿದ್ದರೆ ಕಾಯಿ ಬಲಿತಿದೆ, ಹಳದಿಯಿದ್ದರೆ ಇಲ್ಲ. ಹತ್ತು ಕಾಯಿ ಹೆರೆದು ನನ್ನ ಅಂಗೈಯಲ್ಲಿ ಇಟ್ಟಳು. ಆರು ಹಳದಿ.

"ಪಕ್ಕದ ಹೊಲದೋರು ನಾಳೆಯೇ ಕೀಳ್ತಾರಂತೆ," ಎಂದಳು. "ಗಿಡ ಹಸಿರಾಗಿ ಚೆಂದ ಕಾಣ್ತದೆ ನೋಡು, ಅದಕ್ಕೆ ಮರುಳಾಗ್ತಾರೆ. ಮೇಲಿನ ಚೆಂದ ನೋಡಿ ಕೀಳೋಕಾಗ್ತದಾ?"

"ಆಗಲ್ಲಮ್ಮ."

"ನನ್ ಮಗ ಲಮಾರ್‌ನ ಹಂಗೇ ಕಿತ್ತರು. ಬೇರೆ ಕಾಲೇಜು, ಬೇರೆ ಕೋಚು. ಮೊದಲನೇ ವರ್ಷವೇ ಎಲ್ಲಾ ಆಟಕ್ಕೂ ಇಳಿಸಿದ್ರು. ತಡೆಯೋದು ಹೆಂಗೆ ಅಂತ ಗೊತ್ತಿಲ್ಲದೆ ಅಡ್ಡಡ್ಡ ನಿಂತ. ಹತ್ತೊಂಬತ್ತಕ್ಕೆ ಮಂಡಿ ಹೋಯ್ತು. ಈಗ ಮೆಟ್ಟಿಲು ಹತ್ತುವಾಗ ಅವನ ಮುಖ ನೋಡು ಒಂದ್ಸಲ." ಚಾಕುವನ್ನು ಮಡಚಿದಳು. "ನನ್ ಮೊಮ್ಮಗನ ಕೆಂಪಂಗಿ ನಿನ್ನ ಜವಾಬ್ದಾರಿ ವೆಂಡೆಲ್. ಅವನೇ ಬಂದು ಗೋಗರೆದರೂ ಬಿಡಬೇಡ."

"ಬಿಡಲ್ಲ," ಎಂದೆ. ಕಡಲೆಕಾಯಿ ಇನ್ನೂ ಕೈಯಲ್ಲೇ ಇದ್ದವು.

ನವೆಂಬರಿನ ಎರಡನೆಯ ವಾರ. ಒಂಬತ್ತರಲ್ಲಿ ಐದು ಆಟ ಗೆದ್ದಿದ್ದೆವು. ಆರನೆಯ ಗೆಲುವು ಸಿಗದಿದ್ದರೆ ಹೆಡ್ ಕೋಚ್ ಡೇಲ್ ಹಟ್ಟೋನ ಕೆಲಸ ಉಳಿಯುವುದಿಲ್ಲವೆಂದು ಪೆಟ್ರೋಲ್ ಬಂಕಿನಲ್ಲಿ ಕಾಫಿ ಕುಡಿಯುವವರೆಲ್ಲ ಆಡಿಕೊಳ್ಳುತ್ತಿದ್ದರು. ನಾನು ಮೊದಲು ಶಾಲೆಯಲ್ಲಿ ಕೋಚ್ ಆಗಿದ್ದಾಗ ಡೇಲ್ ನನ್ನ ತಂಡದ ಹುಡುಗನೇ. ಹದಿನಾರು ವರ್ಷದವನಿದ್ದಾಗ ಅವನ ಕಾಲಿಗೆ ಪಟ್ಟಿ ಸುತ್ತಿದವನು ನಾನು. ಗುರುವಾರ ನನ್ನನ್ನು ತನ್ನ ಕೋಣೆಗೆ ಕರೆದ.

"ರೇಮಂಡನ ಕಣಕಾಲು ಊದಿದೆ, ನೀವೇ ನೋಡಿದೀರಿ. ಆಟ ಮುಗಿಯೋವರೆಗೂ ತಡೆಯಲ್ಲ. ಮೋಬ್ಲಿನ ತಯಾರಿಡಿ."

ರೇಮಂಡ್ ಸ್ಯಾಪ್ ನಮ್ಮ ಹಿರಿಯ ಓಟಗಾರ; ಅದುವರೆಗಿನ ಒಂಬತ್ತೂ ಆಟ ಅವನ ಬೆನ್ನ ಮೇಲೆಯೇ ಸಾಗಿದ್ದವು.

"ಮೋಬ್ಲಿ ನಾಲ್ಕು ಆಡಿಯಾಯ್ತು," ಎಂದೆ.

"ಮೂರು."

"ನಾಲ್ಕು, ಡೇಲ್."

ಬೆರಳು ಮಡಚಿ ಎಣಿಸಿದ. ಮೂರೇ ಬಂದವು. ನಾನು ಮೊದಲನೆಯ ಆಟದ ವಿಡಿಯೊವನ್ನು ಗೋಡೆಯ ಮೇಲೆ ಹಾಕಿಸಿದೆ. ಕೊನೆಯ ನಿಮಿಷ, ನಮ್ಮವರು ಚೆಂಡನ್ನು ಒದ್ದು ಕಳಿಸುವ ಹೊತ್ತು. ಅದರ ಹಿಂದೆ ಓಡಬೇಕಾದ ಹನ್ನೊಂದು ಜನರಲ್ಲಿ ಒಬ್ಬ ಕಡಿಮೆ. ಗೆರೆಯ ಹತ್ತಿರ ಒಂದು ಕೈ ಇಪ್ಪತ್ತೆಂಟನೆಯ ನಂಬರಿನ ಬೆನ್ನಿಗೆ ಬಿದ್ದು ಒಳಗೆ ತಳ್ಳುತ್ತದೆ. ಹುಡುಗ ನಲವತ್ತು ಗಜ ಓಡುತ್ತಾನೆ. ಯಾರನ್ನೂ ಮುಟ್ಟುವುದಿಲ್ಲ. ಸೀಟಿ.

"ಆ ಕೈ ನಿನ್ನದು," ಎಂದೆ.

ಡೇಲ್ ತನ್ನ ಕೈಯನ್ನೇ ಒಂದು ಕ್ಷಣ ನೋಡಿಕೊಂಡ. "ಒಂಬತ್ತು ಸೆಕೆಂಡು! ಯಾರನ್ನೂ ಮುಟ್ಟಿಲ್ಲ ಅವನು."

"ಮುಟ್ಟಬೇಕು ಅಂತ ನಿಯಮದಲ್ಲಿ ಬರೆದಿಲ್ಲ."

"ಇದನ್ನ ಯಾರು ನೋಡ್ತಾರೆ?"

"ನಾನು ನೋಡಿದೀನಲ್ಲ."

ಡೇಲ್ ವಿಡಿಯೊ ನಿಲ್ಲಿಸಿದ. ಹೊರಗೆ ಬ್ಯಾಂಡಿನವರು ತುತ್ತೂರಿಗಳನ್ನು ಒರೆಸುತ್ತ ನಗುತ್ತಿದ್ದರು. "ಹಾಗಿದ್ರೆ ಸುಟ್ಟೇಹೋಗ್ಲಿ ಆ ವರ್ಷ. ಒಬ್ಬ ಹುಡುಗನ ಒಂದು ವರ್ಷ. ಇಲ್ಲಿ ಹನ್ನೊಂದು ಕೋಚ್‌ಗಳು, ಹನ್ನೊಂದು ಮನೆ. ಯೋಚನೆ ಮಾಡಿ."

"ನಿನ್ನ ಕುರ್ಚಿ ಅಲ್ಲಾಡ್ತಿದೆ ಅಂತ ಅವನ ವರ್ಷಾನ ಅದರ ಕಾಲಡಿಗೆ ಇಟ್ಟಿಗೆ ಮಾಡಿ ಇಡೋಕಾಗಲ್ಲ, ಡೇಲ್. ಜೊತೆಗೆ ಅವನಿಗೆ ತಡೆಯೋಕೆ ಇನ್ನೂ ಬರಲ್ಲ. ಯಾನ್ ಇದಾನೆ."

"ಯಾನ್? ನಾಲ್ಕು ವರ್ಷದಲ್ಲಿ ಒಂದ್ಸಲಾನೂ ಚೆಂಡು ಮುಟ್ಟಿಲ್ಲ ಅವನು!"

"ಮುಟ್ಟಿಸಿಲ್ಲ ನಾವು."

"ಶನಿವಾರ ನಾನು ಹೆಸರು ಕರೀತೀನಿ," ಎಂದ. "ಕರೆದವನು ಬರಬೇಕು."

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಆಟ ಶುರುವಾಯಿತು. ಬಿಸಿಲಿತ್ತು, ಗಾಳಿಯಲ್ಲಿ ಹತ್ತಿ ಬಿಡಿಸಿದ ಹೊಲದ ವಾಸನೆ. ರೇಮಂಡ್ ಆಟದ ನಾಲ್ಕು ಪಾಳಿಗಳಲ್ಲಿ ಮೂರನೆಯದರವರೆಗೆ ಹಲ್ಲುಕಚ್ಚಿ ಓಡಿದ. ಹದಿನೇಳು-ಹದಿನೇಳರ ಸಮ. ಆಮೇಲೆ ಒಂದು ಸಾಧಾರಣ ಗುದ್ದಿಗೆ ಕುಸಿದ, ಏಳಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ. ತಲೆಗೆ ಪೆಟ್ಟು ಬಿದ್ದ ಹುಡುಗ ಕಣ್ಣು ತಪ್ಪಿಸಿ ಮತ್ತೆ ಒಳಗೆ ಓಡದಿರಲೆಂದು ಅವನ ಹೆಲ್ಮೆಟ್ಟನ್ನು ಯಾರಾದರೂ ಕಿತ್ತು ಇಟ್ಟುಕೊಳ್ಳುತ್ತಾರೆ. ಹೆಲ್ಮೆಟ್ ಇಲ್ಲದವನು ಆಡುವಂತಿಲ್ಲ. ರೇಮಂಡನನ್ನು ಇಬ್ಬರು ಹೆಗಲು ಕೊಟ್ಟು ಕರೆತರುತ್ತಿದ್ದಾಗ ನಾನು ಬೆಂಚಿನಿಂದ ಇಪ್ಪತ್ತೆಂಟರ ಹೆಲ್ಮೆಟ್ ಎತ್ತಿಕೊಂಡು, ಮಡಚುವ ಸ್ಟೂಲಿನ ಮೇಲೆ ಕುಳಿತು, ಅದನ್ನು ನನ್ನ ಎರಡು ಪಾದಗಳ ನಡುವೆ ಇಟ್ಟುಕೊಂಡೆ. ಮುಚ್ಚಲಿಲ್ಲ. ಮುಚ್ಚುವಂಥ ಕೆಲಸವನ್ನೇನೂ ನಾನು ಮಾಡುತ್ತಿರಲಿಲ್ಲ.

ಕಿಯಾಂಡ್ರೆ ನನ್ನ ಮುಂದೆ ಬಂದು ನಿಂತ. ಕೈ ಚಾಚಿದ.

"ಕೊಡಿ ಕೋಚ್."

"ಇಲ್ಲ."

"ಎಂಟು ಸಾವಿರ ಜನ ಬಂದಿದಾರೆ! ನಮ್ಮೂರಿನ ಬಸ್ಸೇ ಬಂದಿದೆ. ಈ ಆಟ ನಂದು, ನಿಮ್ದಲ್ಲ."

"ಆಟ ನಿಂದೇ. ವರ್ಷಾನೂ ನಿಂದೇ. ಒಂದು ಕೇಳ್ತೀನಿ, ಸರಿಯಾಗಿ ಹೇಳಿದ್ರೆ ಎತ್ಕೊಂಡು ಹೋಗು, ನಿಮ್ಮಜ್ಜಿಗೆ ನಾನೇ ಉತ್ತರ ಕೊಡ್ತೀನಿ. ಚೆಂಡು ನಮ್ಮತ್ರಾನೇ ಉಳೀಬೇಕಂದ್ರೆ ಎಂಟು ಗಜ ಬೇಕು. ನಾವು ಎಸೀತಿದೀವಿ. ಎಡಗಡೆಯಿಂದ ಇಬ್ಬರು ನುಗ್ತಾರೆ. ಯಾರು ನಿನ್ನೋನು?"

"ಆ ಮೂಲೇಲಿ ಇರೋನು," ಎಂದ ತಕ್ಷಣ, ಕೈ ತೋರಿಸಿ. "ಅವನೇ ತಾನೇ ಜೋರಾಗಿ..."

ನಿಂತುಬಿಟ್ಟ. ಕೈ ಇನ್ನೂ ಮೇಲೆಯೇ ಇತ್ತು. ಸೆಪ್ಟೆಂಬರಿನಿಂದ ಇನ್ನೂರು ಸಲ ಹೇಳಿಸಿದ್ದ ಮಾತು ಅವನ ಮುಖದ ಮೇಲೆ ನಿಧಾನವಾಗಿ ಬಂದಿತು. ಸರಿಯಾಗಿ ಹೇಳಿದ್ದರೆ ಹೆಲ್ಮೆಟ್ಟನ್ನು ಕೊಡುತ್ತಿದ್ದೆನೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೊಡುತ್ತಿರಲಿಲ್ಲ ಎಂದೇ ಕಾಣುತ್ತದೆ.

"ಮೋಬ್ಲಿ!" ಡೇಲ್ ಗೆರೆಯ ಹತ್ತಿರದಿಂದ ಕೂಗಿದ. "ಹೆಲ್ಮೆಟ್ ಹಾಕ್ಕೊಂಡು ಬಾ!"

ಕಿಯಾಂಡ್ರೆ ನನ್ನ ಪಾದಗಳನ್ನು ನೋಡಿದ. ಅಲ್ಲಿ ತನ್ನ ನಂಬರನ್ನು ನೋಡಿದ. ಆಮೇಲೆ ತಿರುಗಿ, ಚರ್ಚಿನಲ್ಲಿ ನಿಂತಂತೆ ನೆಟ್ಟಗೆ ನಿಂತು ಹೇಳಿದ:

"ಹೆಲ್ಮೆಟ್ ಕಾಣ್ತಿಲ್ಲ ಸರ್."

ಡೇಲ್ ನಮ್ಮ ಕಡೆ ದಾಪುಗಾಲು ಹಾಕಿ ಬಂದ. "ಕಾಣ್ತಿಲ್ವಾ? ಕಣ್ಣು ಎಲ್ಲಿಟ್ಟಿದೀಯ? ಅಲ್ಲೇ ಇದೆಯಲ್ಲೋ!"

"ಹುಡುಕ್ತಾ ಇದೀನಿ ಸರ್."

ಮಂಜುಗಡ್ಡೆಯ ಚೀಲದೊಳಗೆ ಕಾಲಿಟ್ಟು ಕುಳಿತಿದ್ದ ರೇಮಂಡ್ ಆ ನೋವಿನಲ್ಲೂ ಮುಖ ತಿರುಗಿಸಿ ನಕ್ಕ. ಬೆಂಚಿನ ಕೆಳಗೆ ಬಗ್ಗಿ, "ನನ್ ಹತ್ರಾನೂ ಇಲ್ಲಪ್ಪ," ಎಂದ.

ಡೇಲ್ ಬಗ್ಗಿ ಕೈ ಚಾಚಿದ. ನಾನು ಬಲಗಾಲನ್ನು ಎತ್ತಿ ಹೆಲ್ಮೆಟ್ಟಿನ ಮೇಲೆ ಇಟ್ಟೆ.

"ಕಾಲು ತೆಗಿ ವೆಂಡೆಲ್."

"ತೆಗೆಯಲ್ಲ."

"ನಿನ್ನ ಕೆಲಸ ಹೋಗ್ತದೆ."

"ಹೋಗ್ಲಿ. ಅದು ನಂದು, ಕೊಡೋ ಹಕ್ಕು ನಂಗಿದೆ. ಇದು ಅವನದು."

ಚೆಂಡನ್ನು ಮತ್ತೆ ಆಟಕ್ಕೆ ಎತ್ತಲು ಹನ್ನೆರಡೇ ಸೆಕೆಂಡು ಉಳಿದಿದೆಯೆಂದು ಮೈದಾನದ ಕೊನೆಯ ಗಡಿಯಾರ ತೋರಿಸುತ್ತಿತ್ತು. ನಮ್ಮವರು ಹತ್ತೇ ಜನ ನಿಂತು ಇತ್ತ ನೋಡುತ್ತಿದ್ದರು. ಡೇಲ್ ನನ್ನ ಕಡೆಗೊಮ್ಮೆ, ಗಡಿಯಾರದ ಕಡೆಗೊಮ್ಮೆ ನೋಡಿ, ಗಂಟಲು ಹರಿಯುವಂತೆ ಕೂಗಿದ: "ಯಾನ್! ಎಲ್ಲಿ ಸತ್ತ ಯಾನ್?"

ಕೋಲ್ಬಿ ಆಗಲೇ ಗೆರೆಯ ಮೇಲಿದ್ದ, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು.

ಎಂಟು ಗಜ ಬೇಕಿತ್ತು. ಎಡಗಡೆಯಿಂದ ಇಬ್ಬರು ನುಗ್ಗಿದರು. ಕೋಲ್ಬಿ ಹೊರಗಿನವನನ್ನು ತಿರುಗಿಯೂ ನೋಡಲಿಲ್ಲ. ಒಂದು ಹೆಜ್ಜೆ ಒಳಗಿಟ್ಟು, ತನಗಿಂತ ಮೂವತ್ತು ಪೌಂಡು ಹೆಚ್ಚು ಭಾರದವನ ಎದೆಗೆ ಎದೆ ಕೊಟ್ಟ. ಇಬ್ಬರೂ ಮಣ್ಣು ಕಂಡರು. ಚೆಂಡು ಹೋಯಿತು, ಹನ್ನೊಂದು ಗಜ ಸಿಕ್ಕಿತು. ಕೋಲ್ಬಿ ಎದ್ದಾಗ ಬಿಳಿ ಪ್ಯಾಂಟಿನ ಒಂದು ಪಕ್ಕ ಪೂರ್ತಿ ಹಸಿರು.

"ನೋಡ್ದಾ?" ಎಂದೆ.

"ನೋಡ್ದೆ," ಎಂದ ಕಿಯಾಂಡ್ರೆ. ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದ. ಅಳುತ್ತಿದ್ದ, ಆದರೆ ಕಣ್ಣನ್ನು ಮೈದಾನದಿಂದ ತೆಗೆಯಲಿಲ್ಲ.

ನಾವು ಸೋತೆವು. ಕೊನೆಯ ನಿಮಿಷದಲ್ಲಿ ಅವರು ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸಿದರು. ಕೋಲ್ಬಿ ಏಳು ಸಲ ಚೆಂಡು ಹೊತ್ತು ಇಪ್ಪತ್ತಾರು ಗಜ ಓಡಿದ. ಕಿಯಾಂಡ್ರೆ ಇಳಿದಿದ್ದರೆ ಒಂದೇ ಓಟದಲ್ಲಿ ಅಷ್ಟು ಬರುತ್ತಿತ್ತೋ ಏನೋ. ಇಲ್ಲವೆಂದು ನಾನು ಯಾರ ಎದುರೂ ವಾದಿಸಿಲ್ಲ. ಮೈದಾನದಿಂದ ಒಳಗೆ ಹೋಗುವ ಸುರಂಗದ ಬಾಯಿಗೆ ಬಂದಾಗ ಮೇಲಿನ ಗ್ಯಾಲರಿಯಿಂದ ಒಬ್ಬ ಕೂಗಿದ, "ವೆಂಡೆಲ್, ಕಡಲೆಕಾಯಿ ಬೇಯಿಸೋಕೆ ಹೋಗು!"

"ಉಪ್ಪು ತಗೊಂಡು ನೀನೂ ಬಾ," ಎಂದೆ.

ಸೋಮವಾರ ಬೆಳಿಗ್ಗೆ ಡೇಲ್ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದ. ಎರಡು ದಿನ ಗಡ್ಡ ಬೋಳಿಸಿರಲಿಲ್ಲ. ಆದರೂ ಶಾಲೆಯ ಆ ಹುಡುಗನಂತೆಯೇ ಕಂಡ.

"ಇನ್ನೂ ಎರಡು ಆಟ ಇದೆ," ಎಂದ. "ರೇಮಂಡ್ ಬರಲ್ಲ. ನಾನು ಮೋಬ್ಲಿ ಅಂತ ಕರೆದ್ರೆ?"

"ಆಗಲೂ ಕಾಲಿಡ್ತೀನಿ."

"ಇವತ್ತೇ ನಿಮ್ಮನ್ನ ಕಳಿಸಿಬಿಟ್ರೆ?"

"ಹೆಲ್ಮೆಟ್ ಎಲ್ಲಿದೆ ಅಂತ ಆ ಹುಡುಗನ್ನ ಕೇಳು. ಅವನಿಗೆ ಈಗಲೂ ಕಾಣಲ್ಲ."

ಡೇಲ್ ಮೇಜಿನ ಅಂಚನ್ನು ಉಗುರಿನಿಂದ ಕೆರೆದ. "ಯಾನ್‌ನ ತಯಾರು ಮಾಡಿ," ಎಂದ ಕೊನೆಗೆ. "ಈ ವರ್ಷದ ಆಟಗಳು ಮುಗೀಲಿ. ಆಮೇಲೆ ನಾನಿಲ್ಲಿದ್ರೆ, ನೀವಿರಲ್ಲ."

"ಸರಿ," ಎಂದು ಟೋಪಿ ಹಾಕಿಕೊಂಡೆ.

ಅಭ್ಯಾಸಕ್ಕೆ ಇನ್ನೂ ಒಂದು ಗಂಟೆಯಿತ್ತು. ಆದರೆ ಮೈದಾನದ ಮೂಲೆಯಲ್ಲಿ ಆಗಲೇ ಸದ್ದು ಕೇಳುತ್ತಿತ್ತು. ಕೋಲ್ಬಿ ಇನ್ನೊಬ್ಬ ಹುಡುಗನನ್ನು ಕಟ್ಟಿಕೊಂಡು, ಇಬ್ಬರೂ ಎದೆಗೆ ಮೆತ್ತೆ ಹಿಡಿದು, ಎಡಗಡೆಯಿಂದ ನುಗ್ಗುತ್ತಿದ್ದರು. ಎದುರಿಗೆ ಕಿಯಾಂಡ್ರೆ. ಧಡ್ ಎಂದು ಬಿದ್ದ, ಎದ್ದ, ಹಿಂದೆ ಹೋಗಿ ನಿಂತ. ನನ್ನನ್ನು ಕಂಡ, ಮಾತಾಡಿಸಲಿಲ್ಲ. ಸಿಟ್ಟು ಇನ್ನೂ ಇತ್ತು. ಇರಲಿ, ಅದಕ್ಕೂ ಸಮಯ ಬೇಕು.

"ಇನ್ನೊಂದ್ ಸಲ," ಎಂದು ಅವನೇ ಕೂಗಿದ.

ಇಬ್ಬರೂ ನುಗ್ಗಿದರು. ಹೊರಗಿನವನು ದೂಳೆಬ್ಬಿಸಿಕೊಂಡು ಬಂದ. ಕಿಯಾಂಡ್ರೆಯ ತಲೆ ಅತ್ತ ಒಂದಿಷ್ಟು ತಿರುಗಿತು. ಕಾಲು ಮಾತ್ರ ಒಳಗೆ ಹೋಯಿತು.